ಹಳೇ ಫಾಸ್ಟ್ ಕಾರಿನ ಅಸಲಿ ಬೆಲೆ: ಅಡ್ವಾನ್ಸ್ ಕೊಡುವ ಮೊದಲು ಹಾಕಬೇಕಾದ ಲೆಕ್ಕ

ಹೊಸದರಲ್ಲಿ ನಲವತ್ತು ಲಕ್ಷ ಮುಟ್ಟಿದ್ದ ಜರ್ಮನ್ ಸೆಡಾನ್ ಹತ್ತು ವರ್ಷ ಕಳೆದ ಮೇಲೆ ಹೊಸ ಕ್ರೆಟಾಗಿಂತ ಕಡಿಮೆಗೆ ಸಿಗುತ್ತದೆ. ಫೋಟೋ ನೋಡಿದ ತಕ್ಷಣ ಕೈ ಜೇಬಿಗೆ ಹೋಗುತ್ತದೆ. ಆದರೆ ಇಳಿದಿರುವುದು ಕಾರಿನ ಬೆಲೆ ಮಾತ್ರ. ಅದರ ಹೆಡ್‌ಲೈಟಿನ ಬೆಲೆ ಇಳಿದಿಲ್ಲ, ಟರ್ಬೊ ಬೆಲೆ ಇಳಿದಿಲ್ಲ, ಗೇರ್‌ಬಾಕ್ಸ್ ಬಿಚ್ಚುವವರ ಕೂಲಿಯಂತೂ ಏರಿದೆ. ನೀವು ಹತ್ತು ಲಕ್ಷಕ್ಕೆ ತಂದರೂ ಗ್ಯಾರೇಜಿನ ಪಾಲಿಗೆ ಅದು ನಲವತ್ತು ಲಕ್ಷದ ಕಾರೇ.

ನಾನು ಇಂಥ ಎರಡು ಕಾರು ಇಟ್ಟುಕೊಂಡಿದ್ದೇನೆ. ನೋಡಿ ಬಿಟ್ಟು ಬಂದಿದ್ದಕ್ಕೆ ಲೆಕ್ಕ ಇಲ್ಲ. ಬೆಂಗಳೂರಿನಲ್ಲಿ ಕೊಳ್ಳುವವರನ್ನು ಮನಸ್ಸಿನಲ್ಲಿಟ್ಟು ಇದನ್ನು ಬರೆಯುತ್ತಿದ್ದೇನೆ. ಮೈಸೂರು, ಮಂಗಳೂರು, ಹುಬ್ಬಳ್ಳಿಯಲ್ಲಿರುವವರು ಒಂದು ಖರ್ಚು ಹೆಚ್ಚಿಗೆ ಸೇರಿಸಿಕೊಳ್ಳಿ. ಕಾರು ಕೆಟ್ಟರೆ ಅದನ್ನು ಟೋ ಮಾಡಿಸಿ ಬೆಂಗಳೂರಿಗೆ ತರುವ ಖರ್ಚು.

1. ಕಾರು ನೋಡುವ ಮೊದಲು ಕಾಗದದ ಮೇಲೆ ಲೆಕ್ಕ

ಎಲ್ಲರೂ ಮೊದಲು ಕೇಳುವುದು "ಮೈಲೇಜ್ ಎಷ್ಟು ಕೊಡುತ್ತೆ?" ಅಂತ. ಲೆಕ್ಕ ಹಾಕಿಯೇ ನೋಡೋಣ. ವರ್ಷಕ್ಕೆ 10,000 ಕಿ.ಮೀ. ಓಡಿಸುತ್ತೀರಿ, ಪೆಟ್ರೋಲ್ ಲೀಟರಿಗೆ 103 ರೂಪಾಯಿ ಅಂದುಕೊಳ್ಳಿ. ಸಿಟಿ ಟ್ರಾಫಿಕ್‌ನಲ್ಲಿ ಎರಡು ಲೀಟರ್ ಟರ್ಬೊ ಕಾರು ಲೀಟರಿಗೆ 9 ಕಿ.ಮೀ. ಕೊಟ್ಟರೆ ವರ್ಷಕ್ಕೆ ಸುಮಾರು 1,14,000 ರೂಪಾಯಿ. 15 ಕೊಡುವ ಸಾಧಾರಣ ಹ್ಯಾಚ್‌ಬ್ಯಾಕ್‌ಗೆ ಸುಮಾರು 69,000. ವ್ಯತ್ಯಾಸ 45,000 ರೂಪಾಯಿ.

ಕಡಿಮೆಯೇನಲ್ಲ. ಆದರೆ ಜೇಬು ಹರಿಯುವುದು ಇಲ್ಲಿ ಅಲ್ಲ. ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಮೆಕಟ್ರಾನಿಕ್ ಯೂನಿಟ್ (ಗೇರ್ ಬದಲಾಯಿಸುವ ಎಲೆಕ್ಟ್ರಾನಿಕ್ ಭಾಗ) ಒಂದು ಹೋದರೆ ಬಿಲ್ಲು ಲಕ್ಷದ ಮೇಲೆ. ಎರಡು ಮೂರು ವರ್ಷದ ಪೆಟ್ರೋಲ್ ವ್ಯತ್ಯಾಸ ಒಂದೇ ಮಧ್ಯಾಹ್ನದಲ್ಲಿ ಹೋಯಿತು.

ಅದಕ್ಕೇ ನನ್ನ ಪದ್ಧತಿ ಹೀಗೆ. ಕೈಯಲ್ಲಿ 15 ಲಕ್ಷ ಇದ್ದರೆ 12 ಲಕ್ಷದ ಕಾರು ಹುಡುಕುತ್ತೇನೆ. ಉಳಿದ 3 ಲಕ್ಷ ಮೊದಲ ವರ್ಷಕ್ಕೆ, ಬೇರೆ ಖಾತೆಯಲ್ಲಿ. ಪೂರ್ತಿ 15 ಕೊಟ್ಟು ಕಾರು ತಂದು, ಮೂರನೇ ತಿಂಗಳು ಕ್ಲಚ್ಚಿಗೆ ಪರ್ಸನಲ್ ಲೋನ್ ತೆಗೆದವರನ್ನು ಕಂಡಿದ್ದೇನೆ.

ವಿಮೆಯ ಲೆಕ್ಕವೂ ಹಾಕಿಡಿ. 2022ರಲ್ಲಿ ನಿಗದಿಯಾದ ದರದಂತೆ ಥರ್ಡ್ ಪಾರ್ಟಿ ಪ್ರೀಮಿಯಂ 1,000ದಿಂದ 1,500 ಸಿಸಿ ತನಕ 3,416 ರೂಪಾಯಿ, 1,500 ದಾಟಿದರೆ 7,897. ಜಿಎಸ್‌ಟಿ ಬೇರೆ. ಅದು ಸಣ್ಣ ಭಾಗ. ದೊಡ್ಡದು ಓನ್ ಡ್ಯಾಮೇಜ್, ಅಂದರೆ ನಿಮ್ಮ ಕಾರಿನ ಹಾನಿಗೆ ಮಾಡಿಸುವ ವಿಮೆ. ಹಳೇ ಓನರಿನ 50% ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ್ದಕ್ಕೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಇನ್ನು ಮುಂದೆ ನಿಮ್ಮದು ಅಂದುಕೊಳ್ಳಬೇಡಿ. ಅದು ಓನರಿನ ಜೊತೆ ಹೋಗುತ್ತದೆ, ಕಾರಿನ ಜೊತೆ ಬರುವುದಿಲ್ಲ. ಕಾರಿನ ನಂಬರ್ ಕೊಟ್ಟು ಮೊದಲೇ ಕೊಟೇಶನ್ ತರಿಸಿ. ಆ ವಯಸ್ಸಿನ ಕಾರಿಗೆ ಝೀರೋ ಡೆಪ್ರಿಸಿಯೇಶನ್ (ಬದಲಿ ಭಾಗದ ಬೆಲೆಯಲ್ಲಿ ಸವಕಳಿ ಕಳೆಯದ ವಿಮೆ) ಸಿಗುತ್ತದೋ ಇಲ್ಲವೋ ಕೇಳಿ. ಸಿಗದಿದ್ದರೆ ಒಂದು ಬಂಪರ್ ತಾಗಿದರೂ ಪ್ಲಾಸ್ಟಿಕ್ ಭಾಗದ ಅರ್ಧ ದುಡ್ಡು ನಿಮ್ಮದೇ.

ಇನ್ನೊಂದು ಲೆಕ್ಕ ಜನ ಮರೆಯುತ್ತಾರೆ. ನಾಳೆ ಮಾರುವಾಗ ಎಷ್ಟು ಬರುತ್ತದೆ? 2017ರಲ್ಲಿ ಸ್ಕೋಡಾ ಆಕ್ಟೇವಿಯಾ ಸೆಡಾನಿನ ಫಾಸ್ಟ್ ಮಾದರಿ ಆರ್‌ಎಸ್ 230 ಬಂದಾಗ ಭಾರತಕ್ಕೆ ತಂದಿದ್ದು 500 ಕಾರು. 2020ರ ಆರ್‌ಎಸ್ 245 ಬರೀ 200. ಇಂಥವನ್ನು ಹುಡುಕುವವರು ಜಾಸ್ತಿ, ಇರುವುದು ಕಡಿಮೆ. ಹಾಗಾಗಿ ಬೆಲೆ ನಿಧಾನವಾಗಿ ಇಳಿಯುತ್ತದೆ. ಕೊಳ್ಳುವಾಗ ದುಬಾರಿ ಅನಿಸಿದರೂ ಮೂರು ವರ್ಷದ ಒಟ್ಟು ಖರ್ಚಿನಲ್ಲಿ ಅಗ್ಗದ ದೊಡ್ಡ ಸೆಡಾನಿಗಿಂತ ಇದೇ ವಾಸಿ ಆಗುವುದುಂಟು.

2. ಕಾರಿನ ಹೆಸರು ಬಿಡಿ, ಇಂಜಿನ್ ಮತ್ತು ಗೇರ್‌ಬಾಕ್ಸ್ ಯಾವುದು ಕೇಳಿ

ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲಬೇಕು. ಬಹಳ ಜನ ಬೀಳುವ ಹಳ್ಳ ಇದೇ.

ನೋಡೋಕೆ ಒಂದೇ ಥರ ಇರುವ ಎರಡು ಆಕ್ಟೇವಿಯಾ ತಗೊಳ್ಳಿ. ಒಂದು 1.8 ಟಿಎಸ್‌ಐ (ಫೋಕ್ಸ್‌ವ್ಯಾಗನ್ ಬಳಗದ ಟರ್ಬೊ ಪೆಟ್ರೋಲ್ ಇಂಜಿನ್), 180 ಪಿಎಸ್ (ಇಂಜಿನ್ ಶಕ್ತಿಯ ಅಳತೆ, ಅಶ್ವಶಕ್ತಿಯ ಹಾಗೆ). ಇನ್ನೊಂದು ಆರ್‌ಎಸ್ 230, ಎರಡು ಲೀಟರ್, 230 ಪಿಎಸ್. ಎರಡರಲ್ಲೂ ಇರುವುದು ಡಿಎಸ್‌ಜಿ, ಅಂದರೆ ಎರಡು ಕ್ಲಚ್ಚಿನ ಆಟೋಮ್ಯಾಟಿಕ್ ಗೇರ್‌ಬಾಕ್ಸ್. ಆದರೆ 1.8ರಲ್ಲಿರುವುದು ಡಿಕ್ಯೂ200, ಏಳು ಗೇರಿನ ಡ್ರೈ ಕ್ಲಚ್. ಆರ್‌ಎಸ್ 230ರಲ್ಲಿರುವುದು ಡಿಕ್ಯೂ250, ಆರು ಗೇರಿನ ವೆಟ್ ಕ್ಲಚ್. ವೆಟ್ ಅಂದರೆ ಕ್ಲಚ್ ಎಣ್ಣೆಯಲ್ಲಿ ಮುಳುಗಿರುತ್ತದೆ, ಅದರ ಬಿಸಿಯನ್ನು ಎಣ್ಣೆ ಹೀರಿಕೊಳ್ಳುತ್ತದೆ. ಡ್ರೈ ಕ್ಲಚ್ಚಿಗೆ ಆ ಸೌಕರ್ಯ ಇಲ್ಲ. ಮಾರತಹಳ್ಳಿಯ ಟ್ರಾಫಿಕ್ಕಿನಲ್ಲಿ ಇಂಚಿಂಚು ಸರಿಯುವಾಗ ಅದು ಅರ್ಧ ಹಿಡಿದು, ಅರ್ಧ ಬಿಟ್ಟು ಸವೆಯುತ್ತಲೇ ಇರುತ್ತದೆ. ಡಿಕ್ಯೂ200ರ ಕ್ಲಚ್ ಮತ್ತು ಮೆಕಟ್ರಾನಿಕ್ ತೊಂದರೆ ಪ್ರಪಂಚಕ್ಕೆಲ್ಲ ಗೊತ್ತಿರುವ ವಿಷಯ. 2013ರಲ್ಲಿ ಚೀನಾದಲ್ಲಿ ಇದೇ ಗೇರ್‌ಬಾಕ್ಸಿಗೆ ದೊಡ್ಡ ರಿಕಾಲ್ ಆಯಿತು.

ಇನ್ನೊಂದು ಸಂಗತಿ ಗೊತ್ತಿರಲಿ. ಡಿಕ್ಯೂ200 ತಾಳುವ ಮಿತಿ 250 ಎನ್‌ಎಂ (ನ್ಯೂಟನ್ ಮೀಟರ್) ಟಾರ್ಕ್, ಅಂದರೆ ಇಂಜಿನ್ ತಿರುಗಿಸುವ ಬಲ. 1.8 ಟಿಎಸ್‌ಐ ಕೊಡುವುದೂ ಸರಿಯಾಗಿ 250. ಅದು ಕಾಕತಾಳೀಯ ಅಲ್ಲ. 2016ರಲ್ಲಿ ಮೂರು ಬಾಗಿಲಿನ ಫೋಕ್ಸ್‌ವ್ಯಾಗನ್ ಪೋಲೊ ಜಿಟಿಐ ಇಲ್ಲಿಗೆ ಬಂದಾಗ ಅದರಲ್ಲಿದ್ದದ್ದೂ ಇದೇ ಜೋಡಿ, 192 ಪಿಎಸ್, 250 ಎನ್‌ಎಂ. ಯುರೋಪಿನ ಮ್ಯಾನ್ಯುಯಲ್ ಜಿಟಿಐಗೆ ಅದೇ ಇಂಜಿನ್ 320 ಕೊಡುತ್ತಿತ್ತು. ಅಂದರೆ ಗೇರ್‌ಬಾಕ್ಸ್ ಉಳಿಯಲಿ ಅಂತ ಕಂಪನಿಯೇ ಇಂಜಿನ್ನಿನ ಬಾಯಿ ಕಟ್ಟಿತ್ತು. ಇಂಜಿನ್ ಸಾಫ್ಟ್‌ವೇರ್ ಬದಲಾಯಿಸಿ ಆ ಕಟ್ಟು ಬಿಚ್ಚುವುದನ್ನೇ ನಮ್ಮ ಹುಡುಗರು "ಸ್ಟೇಜ್ ಒನ್" ಅನ್ನುತ್ತಾರೆ. ಆ ಮಾತಿಗೆ ಆಮೇಲೆ ಬರುತ್ತೇನೆ.

ಸಣ್ಣ ಬಜೆಟ್ಟಿನಲ್ಲಿ ಪೋಲೊ ಜಿಟಿ ಟಿಎಸ್‌ಐ ನೋಡುವವರಿಗೂ ಇದೇ ಮಾತು. 2013ರಿಂದ ಬಂದ 1.2 ಲೀಟರ್, 105 ಪಿಎಸ್ ಕಾರಿನಲ್ಲಿರುವುದು ಡಿಕ್ಯೂ200. 2020ರ ನಂತರದ 1.0 ಟಿಎಸ್‌ಐನಲ್ಲಿ ಟಾರ್ಕ್ ಕನ್ವರ್ಟರ್ (ಕ್ಲಚ್ ಬದಲು ಎಣ್ಣೆಯ ಮೂಲಕ ಶಕ್ತಿ ದಾಟಿಸುವ ಆಟೋಮ್ಯಾಟಿಕ್) ಬಂತು, ಆರು ಗೇರು. ಹಳೇದು ಓಡಿಸೋಕೆ ಮಜಾ, ಹೊಸದು ಇಟ್ಟುಕೊಳ್ಳೋಕೆ ನೆಮ್ಮದಿ. ನನ್ನ ಮತ ಹೊಸದಕ್ಕೆ.

ಸ್ಕೋಡಾ ಲಾರಾ ವಿಆರ್‌ಎಸ್ ಬೇಕು ಅಂತ ಹಟ ಹಿಡಿಯುವವರೂ ಇದ್ದಾರೆ. 2011ರ ಕಾರು, ಆರು ಗೇರಿನ ಮ್ಯಾನ್ಯುಯಲ್, 160 ಪಿಎಸ್. ಗೇರ್‌ಬಾಕ್ಸಿನ ಚಿಂತೆ ಇಲ್ಲ, ಆದರೆ ಆ ಕಾಲದ 1.8 ಟಿಎಸ್‌ಐ ಎಣ್ಣೆ ಕುಡಿಯುತ್ತದೆ ಮತ್ತು ಟೈಮಿಂಗ್ ಚೈನ್ (ವಾಲ್ವುಗಳನ್ನು ಹೊತ್ತಿಗೆ ಸರಿಯಾಗಿ ತೆರೆಸುವ ಚೈನ್) ಬಿಗಿ ಹಿಡಿಯುವ ಟೆನ್ಷನರ್ ಕೈಕೊಡುತ್ತದೆ. ಚೈನ್ ಹಾರಿದರೆ ವಾಲ್ವು ಬಾಗುತ್ತದೆ, ಇಂಜಿನ್ನೇ ಹೋದ ಹಾಗೆ. ಟೆನ್ಷನರ್ ಬದಲಾಯಿಸಿದ ಬಿಲ್ಲು ತೋರಿಸಿದರೆ ಮಾತು ಮುಂದುವರಿಸಿ.

ಬಿಎಂಡಬ್ಲ್ಯು ಕಡೆ ಮನಸ್ಸಿದ್ದರೆ, 2012ರಲ್ಲಿ ಬಂದ 328ಐನಲ್ಲಿ ಇರುವುದು ಎನ್20 ಇಂಜಿನ್. ಅದರ ಟೈಮಿಂಗ್ ಚೈನ್ ಗೈಡ್ ಪ್ಲಾಸ್ಟಿಕ್ಕಿನದು, ಪುಡಿಯಾಗಿ ಎಣ್ಣೆಯಲ್ಲಿ ಸೇರುತ್ತದೆ. ಆಮೇಲೆ 330ಐ ಜೊತೆ ಬಂದ ಬಿ48 ಇಂಜಿನ್ ಎಷ್ಟೋ ಗಟ್ಟಿ. ಹಾಗಾಗಿ ಅಗ್ಗದ 328ಐಗಿಂತ ಎರಡು ಮೂರು ಲಕ್ಷ ಜಾಸ್ತಿ ಕೊಟ್ಟು 330ಐ ತಗೊಳ್ಳುವುದೇ ಉಳಿತಾಯ.

ಇದ್ಯಾವುದೂ ಬೇಡ ಅನ್ನುವವರಿಗೆ ಹಳೇ ಹೋಂಡಾ ಸಿವಿಕ್ ಇದೆ. 1.8 ಲೀಟರ್, 132 ಪಿಎಸ್, ಟರ್ಬೊ ಇಲ್ಲ, ಮ್ಯಾನ್ಯುಯಲ್ ಗೇರ್. ಕೆಡುವ ವಸ್ತುವೇ ಕಡಿಮೆ. ಹೊಟ್ಟೆ ಮಾತ್ರ ನೆಲಕ್ಕೆ ಹತ್ತಿರ, ನಮ್ಮ ಹಂಪುಗಳಿಗೆ ಅದು ಆಗಿಬರುವುದಿಲ್ಲ. ಜೊತೆಗೆ ಮೊದಲ ಕಾರುಗಳಿಗೆ 15 ವರ್ಷ ತುಂಬಿದೆ. ಆರ್‌ಸಿ ನವೀಕರಣ ಆಗಿದೆಯಾ ನೋಡಿಯೇ ಹೋಗಿ.

3. ಫೋನಿನಲ್ಲೇ ಐದು ಬೆಲೆ

ಕಾರು ಇಷ್ಟ ಆಯಿತಾ? ಇನ್ನೂ ಹೋಗಬೇಡಿ. ಮೊದಲು ಕಂಪನಿ ಸರ್ವಿಸ್ ಸೆಂಟರಿಗೂ, ಆ ಬ್ರ್ಯಾಂಡ್ ಮಾತ್ರ ನೋಡುವ ಹೊರಗಿನ ಗ್ಯಾರೇಜಿಗೂ ಫೋನ್ ಮಾಡಿ. ಐದು ವಸ್ತುಗಳ ಬೆಲೆ ಕೇಳಿ: ಕ್ಲಚ್ ಸೆಟ್ ಅಥವಾ ಮೆಕಟ್ರಾನಿಕ್, ಟರ್ಬೊ, ಒಂದು ಕಡೆಯ ಹೆಡ್‌ಲೈಟ್, ಮುಂದಿನ ಲೋಯರ್ ಆರ್ಮ್ (ಚಕ್ರ ಹಿಡಿದಿಡುವ ಸಸ್ಪೆನ್ಶನ್ ತೋಳು) ಜೋಡಿ, ಥರ್ಮೋಸ್ಟಾಟ್ ಸಮೇತ ವಾಟರ್ ಪಂಪ್. ಬೆಲೆಯಷ್ಟೇ ಅಲ್ಲ, "ಬರೋಕೆ ಎಷ್ಟು ದಿನ?" ಅಂತಲೂ ಕೇಳಿ. ಮಾರುತಿಗೆ ಬಿಡಿಭಾಗದ ಅಂಗಡಿಗಳಿರುವ ಜೆ.ಸಿ. ರಸ್ತೆಯಲ್ಲಿ ಮಧ್ಯಾಹ್ನದೊಳಗೆ ಸಿಗುವ ವಸ್ತು ಇವಕ್ಕೆ ಹೊರದೇಶದಿಂದ ಬರಬೇಕಾಗಬಹುದು. ಅಲ್ಲಿಯತನಕ ಕಾರು ಲಿಫ್ಟ್ ಮೇಲೆ, ನೀವು ಓಲಾದಲ್ಲಿ.

ಫಿಯಟ್‌ನ ಅಬಾರ್ತ್ ಪುಂಟೊ ಇದಕ್ಕೆ ಒಳ್ಳೇ ಉದಾಹರಣೆ. 2015ರಲ್ಲಿ ಹತ್ತು ಲಕ್ಷದೊಳಗೆ ಶೋರೂಂ ಬೆಲೆ, ಸುಮಾರು 145 ಪಿಎಸ್, ಐದು ಗೇರಿನ ಮ್ಯಾನ್ಯುಯಲ್. 1.4 ಟಿ-ಜೆಟ್ ಇಂಜಿನ್ ಗಟ್ಟಿ. ಟೈಮಿಂಗ್ ಬೆಲ್ಟ್ ಹೊತ್ತಿಗೆ ಸರಿಯಾಗಿ ಬದಲಾಯಿಸಿದರೆ ಸಾಕು. ಆದರೆ ಫಿಯಟ್ ಇಲ್ಲಿ ಕಾರು ಮಾರುವುದನ್ನೇ ನಿಲ್ಲಿಸಿತು. ಇಂಜಿನ್ ಸದ್ದಿಲ್ಲದೆ ಓಡುತ್ತಿರುತ್ತದೆ, ನೀವು ಒಂದು ಬಂಪರಿಗಾಗಿ ಮೂರು ಊರು ಅಲೆಯುತ್ತಿರುತ್ತೀರಿ. ಫೋರ್ಡ್ ಕೂಡ 2021ರಲ್ಲಿ ಇಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಹೇಳಿತು. ಅವರ 1.0 ಇಕೋಬೂಸ್ಟ್ ಇಕೋಸ್ಪೋರ್ಟ್ ನೋಡುತ್ತಿದ್ದರೆ, ಅದರ ಟೈಮಿಂಗ್ ಬೆಲ್ಟ್ ಎಣ್ಣೆಯೊಳಗೇ ಓಡುತ್ತದೆ ಅನ್ನುವುದು ನೆನಪಿರಲಿ. ಸುಮ್ನೆ ಯಾವುದೋ ಎಣ್ಣೆ ಹಾಕಿದ್ದರೆ ಬೆಲ್ಟ್ ಉದುರಿ ಆಯಿಲ್ ಪಂಪಿನ ಜಾಲರಿ ಕಟ್ಟಿಕೊಳ್ಳುತ್ತದೆ.

4. ಕಾಗದ ಪತ್ರ

ವಾಹನ್ ಪೋರ್ಟಲ್‌ನಲ್ಲೋ ಎಂಪರಿವಾಹನ್ ಆ್ಯಪ್‌ನಲ್ಲೋ ನಂಬರ್ ಹಾಕಿ. ಎಷ್ಟನೇ ಓನರ್, ಸಾಲ ಇದೆಯಾ, ವಿಮೆ ಯಾವತ್ತು ಮುಗಿಯುತ್ತದೆ, ಎಲ್ಲ ಬರುತ್ತದೆ. ಸಾಲ ತೀರಿಸಿದ್ದೇನೆ ಅಂದರೆ ಬ್ಯಾಂಕಿನ ಎನ್‌ಒಸಿ ಮತ್ತು ಆರ್‌ಸಿಯಿಂದ ಸಾಲ ತೆಗೆಸುವ ಫಾರಂ 35 ಕೈಯಲ್ಲಿರಬೇಕು. ಬಾಯಿಮಾತು ಬೇಡ.

ದೆಹಲಿ ನಂಬರಿನ ಕಾರು ಲಕ್ಷಗಟ್ಟಲೆ ಕಡಿಮೆಗೆ ಸಿಗುತ್ತದೆ. ಅಲ್ಲಿ ಡೀಸೆಲ್‌ಗೆ ಹತ್ತು, ಪೆಟ್ರೋಲ್‌ಗೆ ಹದಿನೈದು ವರ್ಷ ಅನ್ನುವ ನಿಯಮದ ಭಯಕ್ಕೆ ಅಲ್ಲಿನ ಕಾರುಗಳು ದಕ್ಷಿಣಕ್ಕೆ ಬಂದಿವೆ. ಬೆಲೆ ನೋಡಿ ಹಿಗ್ಗುವ ಮೊದಲು ಕರ್ನಾಟಕದ ಲೈಫ್ ಟ್ಯಾಕ್ಸ್ ಲೆಕ್ಕ ಹಾಕಿ. ಇಲ್ಲಿ ಹೊಸದರಲ್ಲಿ 20 ಲಕ್ಷ ದಾಟಿದ ಕಾರಿಗೆ 18%, ಅದರ ಮೇಲೆ ಸೆಸ್. ಹೊರರಾಜ್ಯದ ಹಳೇ ಕಾರಿಗೆ ವಯಸ್ಸಿನ ಪ್ರಕಾರ ಕಡಿಮೆ ಆಗುತ್ತದೆ, ಆದರೆ ನೀವು ಕೊಟ್ಟ ಬೆಲೆಯ ಮೇಲಲ್ಲ, ಕಾರಿನ ಮೂಲ ಬೆಲೆಯ ಮೇಲೆ. ಆರ್‌ಟಿಒದಲ್ಲಿ ಮೊತ್ತ ಕೇಳಿಕೊಂಡು ಬಂದು ಆಮೇಲೆ ಚೌಕಾಸಿ ಮಾಡಿ. ಲಾಭ ಅಂದುಕೊಂಡಿದ್ದು ಎಷ್ಟೋ ಸಲ ಅಲ್ಲೇ ಮುಗಿದಿರುತ್ತದೆ.

ಚಾಸಿ ನಂಬರ್ ಕೊಟ್ಟು ಕಂಪನಿಯ ಸರ್ವಿಸ್ ಹಿಸ್ಟರಿ ತೆಗೆಸಿ. ಅದರಲ್ಲಿ ಕಿಲೋಮೀಟರ್ ಸಾಲಾಗಿ ಏರಿದೆಯಾ ನೋಡಿ. ಡಿಕ್ಯೂ250 ಇದ್ದರೆ ಪ್ರತಿ 60,000 ಕಿ.ಮೀ.ಗೆ ಗೇರ್‌ಬಾಕ್ಸ್ ಎಣ್ಣೆ ಬದಲಾಗಿರಬೇಕು. ಆ ಒಂದು ಸಾಲು ಇಲ್ಲದಿದ್ದರೆ ಬೆಲೆ ಇಳಿಸಿ.

5. ಬೆಳಿಗ್ಗೆ ಏಳಕ್ಕೆ ಹೋಗಿ, ಬಾನೆಟ್ ಮುಟ್ಟಿ

ಒಮ್ಮೆ ಭಾವನ ಜೊತೆ ಅಪಾರ್ಟ್‌ಮೆಂಟ್ ಒಂದರ ಬೇಸ್‌ಮೆಂಟಿಗೆ ಕಾರು ನೋಡಲು ಹೋಗಿದ್ದೆ. "ಗಾಡಿ ಸ್ಟಾರ್ಟ್ ಮಾಡಬೇಡಿ, ನಾವು ಬಂದಮೇಲೆ ಮಾಡೋಣ" ಅಂತ ಹಿಂದಿನ ರಾತ್ರಿಯೇ ಹೇಳಿದ್ದೆ. ಬಾನೆಟ್ ಮೇಲೆ ಕೈ ಇಟ್ಟರೆ ಬೆಚ್ಚಗಿದೆ. ಬ್ರೋಕರ್ ನಕ್ಕ. "ಈಗಷ್ಟೇ ತೊಳೆಯೋಕೆ ಆಚೆ ತೆಗೆದಿದ್ವಿ ಸಾರ್." ಕಾರಿನ ಮೇಲೆ ನಿನ್ನೆಯ ಧೂಳು ಹಾಗೇ ಇತ್ತು. ಭಾವ ಏನೂ ಮಾತಾಡದೆ ಬೆರಳಲ್ಲಿ ಹಿಂದಿನ ಗಾಜಿನ ಮೇಲೆ ಒಂದು ಗೆರೆ ಎಳೆದರು. ನಾವು ಕಾಫಿ ಕುಡಿದು ಮನೆಗೆ ಬಂದೆವು.

ಇಂಜಿನ್ ತಣ್ಣಗಿರುವಾಗಲೇ ಅದರ ಗುಟ್ಟು ಗೊತ್ತಾಗುವುದು. ಸ್ಟಾರ್ಟ್ ಆದ ಮೊದಲ ಎರಡು ಮೂರು ಸೆಕೆಂಡ್ ಚೈನಿನ ಕಟಕಟ ಸದ್ದು ಬಂದರೆ ಕಿವಿಗೊಡಿ. ಸೈಲೆನ್ಸರಿನಿಂದ ನೀಲಿ ಹೊಗೆ ಬಂದರೆ ಎಣ್ಣೆ ಸುಡುತ್ತಿದೆ ಅಂತ. ಕೂಲೆಂಟ್ ಡಬ್ಬಿಯ ಮಟ್ಟ ನೋಡಿ. ಫೋಕ್ಸ್‌ವ್ಯಾಗನ್ ಬಳಗದ ಹೊಸ 1.8 ಮತ್ತು 2.0 ಟಿಎಸ್‌ಐಗಳಲ್ಲಿ ಥರ್ಮೋಸ್ಟಾಟಿನ ಪ್ಲಾಸ್ಟಿಕ್ ಮನೆ ಸೋರುವುದು ಮಾಮೂಲು. ಒಣಗಿದ ಗುಲಾಬಿ ಬಣ್ಣದ ಕಲೆ ಇದ್ದರೆ ಅದೇ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂದರೆ 2019ರ 23ನೇ ವಾರ. ಟೈರಿನ ಟ್ರೆಡ್ ಎಷ್ಟೇ ಉಳಿದಿರಲಿ, ಐದಾರು ವರ್ಷ ದಾಟಿದ್ದರೆ ನಾಲ್ಕೂ ಟೈರಿನ ದುಡ್ಡು ಬೆಲೆಯಲ್ಲಿ ಕಳೆಯಿರಿ. ನಾಲ್ಕು ಟೈರು ನಾಲ್ಕು ಕಂಪನಿಯದ್ದಾಗಿದ್ದರೆ ಆ ಓನರ್ ಎಣ್ಣೆಯಲ್ಲೂ ಹಾಗೇ ಉಳಿಸಿರುತ್ತಾನೆ.

ನೀರು ಕುಡಿದ ಕಾರಿನ ಬಗ್ಗೆ ಎಚ್ಚರ. 2015ರ ಚೆನ್ನೈ ಪ್ರವಾಹ ಎಲ್ಲರಿಗೂ ನೆನಪಿದೆ. 2022ರ ಸೆಪ್ಟೆಂಬರಿನಲ್ಲಿ ನಮ್ಮ ಬೆಳ್ಳಂದೂರು, ಯಮಲೂರು ಕಡೆಯ ವಿಲ್ಲಾಗಳಲ್ಲಿ ಮುಳುಗಿದ್ದು ಇಂಥ ದುಬಾರಿ ಕಾರುಗಳೇ. ಸೀಟ್ ಬೆಲ್ಟ್ ಪೂರ್ತಿ ಎಳೆದು ಕೊನೆಯ ಅಡಿ ನೋಡಿ. ಅಲ್ಲಿ ಕೆಸರಿನ ಗೆರೆ ಇರುತ್ತದೆ, ಅದನ್ನು ತೊಳೆಯುವ ತಾಳ್ಮೆ ಯಾರಿಗೂ ಇಲ್ಲ. ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿ, ಸೀಟಿನ ಕೆಳಗಿನ ಬೋಲ್ಟುಗಳ ತುಕ್ಕು ನೋಡಿ.

6. ಸ್ಕ್ಯಾನರ್ ಇಲ್ಲದೆ ಹೋಗಬೇಡಿ

ಆ ಬ್ರ್ಯಾಂಡ್ ಗೊತ್ತಿರುವ ಮೆಕ್ಯಾನಿಕ್‌ಗೆ ದುಡ್ಡು ಕೊಟ್ಟು ಜೊತೆಗೆ ಕರೆದುಕೊಂಡು ಹೋಗಿ. ಸಾವಿರ ರೂಪಾಯಿಯ ಬ್ಲೂಟೂತ್ ಒಬಿಡಿ ಡಬ್ಬಿ (ಕಾರಿನ ಕಂಪ್ಯೂಟರ್ ಓದುವ ಸಣ್ಣ ಸಾಧನ) ಇಂಜಿನ್ ಒಂದನ್ನೇ ಓದುತ್ತದೆ. ನಿಮಗೆ ಬೇಕಾದದ್ದು ಗೇರ್‌ಬಾಕ್ಸ್, ಎಬಿಎಸ್, ಏರ್‌ಬ್ಯಾಗ್ ಎಲ್ಲವನ್ನೂ ಓದುವ ಸ್ಕ್ಯಾನರ್.

ಮೂರು ವಿಷಯ ಕೇಳಿ. ಒಂದು, ಹಳೇ ಫಾಲ್ಟ್ (ಕಂಪ್ಯೂಟರ್ ಬರೆದಿಟ್ಟ ದೋಷ) ಯಾವ ಕಿಲೋಮೀಟರಿನಲ್ಲಿ ದಾಖಲಾಗಿದೆ. ಮೀಟರಿನಲ್ಲಿ 58,000 ಇದ್ದು ಫಾಲ್ಟು 91,000ದಲ್ಲಿ ಬಂದಿದ್ದರೆ ಇನ್ನೇನು ಹೇಳುವುದು. ಬಿಎಂಡಬ್ಲ್ಯುನಲ್ಲಿ ಕೀಲಿಯೂ ಕಿಲೋಮೀಟರ್ ನೆನಪಿಟ್ಟುಕೊಳ್ಳುತ್ತದೆ. ಎರಡು, ರೆಡಿನೆಸ್ ಮಾನಿಟರ್‌ಗಳು (ಕಾರು ತನ್ನನ್ನು ತಾನೇ ಮಾಡಿಕೊಳ್ಳುವ ಪರೀಕ್ಷೆಗಳು) ಪೂರ್ತಿಯಾಗಿವೆಯಾ. ಆಗಿಲ್ಲ ಅಂದರೆ ಮೊನ್ನೆಯಷ್ಟೇ ಯಾರೋ ಫಾಲ್ಟ್ ಅಳಿಸಿರಬಹುದು. ಮೂರು, ಕ್ಲಚ್ ಮತ್ತು ಕ್ಯಾಮ್‌ಶಾಫ್ಟ್ ಅಡಾಪ್ಟೇಶನ್ ಸಂಖ್ಯೆಗಳು, ಅಂದರೆ ಸವೆತಕ್ಕೆ ತಕ್ಕಂತೆ ಕಂಪ್ಯೂಟರ್ ಮಾಡಿಕೊಂಡ ತಿದ್ದುಪಡಿ. ಕ್ಲಚ್ ಎಷ್ಟು ಸವೆದಿದೆ, ಚೈನ್ ಎಷ್ಟು ಸಡಿಲವಾಗಿದೆ ಅನ್ನುವ ಅಂದಾಜು ಅಲ್ಲೇ ಸಿಗುತ್ತದೆ.

7. ಖಾಲಿ ರಸ್ತೆಗೆ ಹೋಗಬೇಡಿ, ಸಿಲ್ಕ್ ಬೋರ್ಡಿಗೆ ಹೋಗಿ

ಮಾರುವವರು ಖಾಲಿ ರಸ್ತೆಗೆ ಕರೆದುಕೊಂಡು ಹೋಗಿ "ಒತ್ತಿ ಸಾರ್, ಪಿಕಪ್ ನೋಡಿ" ಅನ್ನುತ್ತಾರೆ. ಬೆನ್ನು ಸೀಟಿಗೆ ಅಂಟುತ್ತದೆ, ಬುದ್ಧಿ ಅಲ್ಲೇ ಬಿದ್ದುಹೋಗುತ್ತದೆ. ಫಾಸ್ಟ್ ಕಾರು ಫಾಸ್ಟಾಗಿ ಹೋಗುತ್ತದೆ, ಅದರಲ್ಲಿ ನೋಡುವುದೇನಿದೆ?

ಟ್ರಾಫಿಕ್ಕಿಗೆ ಹೋಗಿ. ಕಾಲು ಗಂಟೆ ಒಂದು ಎರಡನೇ ಗೇರಿನಲ್ಲೇ ತೆವಳಿ. ಬ್ರೇಕ್ ಬಿಟ್ಟಾಗ ಕಾರು ನಡುಗುತ್ತಾ ಹೊರಟರೆ ಕ್ಲಚ್ ಮಾತಾಡುತ್ತಿದೆ. ಎರಡರಿಂದ ಒಂದಕ್ಕೆ ಇಳಿಯುವಾಗ ಠಕ್ ಅಂತ ಬಡಿದರೆ ಬರೆದಿಟ್ಟುಕೊಳ್ಳಿ. ಬಿಸಿಯಾದ ಮೇಲೆ ಬೇಸ್‌ಮೆಂಟ್ ರ್‍ಯಾಂಪಿನ ಮೇಲೆ ರಿವರ್ಸ್ ಹಾಕಿ ನಿಧಾನವಾಗಿ ಹತ್ತಿಸಿ. ಸೋತ ಕ್ಲಚ್ ಅಲ್ಲಿ ಸಿಕ್ಕಿಬೀಳುತ್ತದೆ, ಸುಟ್ಟ ವಾಸನೆಯೂ ಬರುತ್ತದೆ. ಎಸಿ ಪೂರ್ತಿ ಹಾಕಿ ನಿಂತಲ್ಲೇ ಹತ್ತು ನಿಮಿಷ ಬಿಟ್ಟು ಟೆಂಪರೇಚರ್ ನೋಡಿ. ಕಿತ್ತುಹೋದ ರಸ್ತೆಯಲ್ಲಿ ರೇಡಿಯೋ ಆಫ್ ಮಾಡಿ, ಕಿಟಕಿ ಇಳಿಸಿ ಹೋಗಿ. ಮುಂದಿನಿಂದ ಕಟ್ ಕಟ್ ಅಂದರೆ ಸಸ್ಪೆನ್ಶನ್ನಿನ ಬುಶ್, ಆರ್ಮು. ಕೊನೆಯಲ್ಲಿ ಬೇಕಿದ್ದರೆ ಖಾಲಿ ರಸ್ತೆಯಲ್ಲಿ ಒಮ್ಮೆ ಒತ್ತಿ. ಆಸೆ ತೀರಲಿ.

8. ರೀಮ್ಯಾಪ್ (ಇಂಜಿನ್ ಸಾಫ್ಟ್‌ವೇರ್ ಬದಲಾವಣೆ) ಆದ ಕಾರು

"ಸ್ಟೇಜ್ ಒನ್ ಮಾಡ್ಸಿದ್ದೆ ಸಾರ್, ಈಗ ಸ್ಟಾಕ್ ಮಾಡಿದೀನಿ." ಸ್ಟಾಕ್ ಅಂದರೆ ಕಂಪನಿ ಕೊಟ್ಟ ಹಾಗೆ. ಮಾರುವವರ ಬಾಯಲ್ಲಿ ಇದು ಕೇಳಿದರೆ ನಾನು ಎದ್ದು ಬರುತ್ತೇನೆ, ಅದರಲ್ಲೂ ಡಿಕ್ಯೂ200 ಇದ್ದರೆ. 250 ಎನ್‌ಎಂಗೆ ಮಾಡಿದ ಗೇರ್‌ಬಾಕ್ಸಿನಲ್ಲಿ ಎರಡು ವರ್ಷ 300ರ ಮೇಲೆ ಓಡಿಸಿದ್ದರೆ ಸಾಫ್ಟ್‌ವೇರ್ ಹಿಂದೆ ಹೋಗುತ್ತದೆ, ಸವೆದ ಕ್ಲಚ್ ಹಿಂದೆ ಬರುವುದಿಲ್ಲ. ವೆಟ್ ಕ್ಲಚ್ ಇದ್ದು, ಯಾರು ಮಾಡಿದ್ದು, ಯಾವಾಗ ಮಾಡಿದ್ದು ಅನ್ನುವ ಬಿಲ್ಲು ಇದ್ದರೆ ಮಾತು ಬೇರೆ.

ಕಾನೂನು ಕೂಡ ನೋಡಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವ ಹಾಗೆ ಕಾರು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಜೋರು ಸದ್ದಿನ ಸೈಲೆನ್ಸರ್ ಹಾಕಿದ್ದರೆ ಪೊಲೀಸರು ಹಿಡಿಯುತ್ತಾರೆ ಅನ್ನುವುದು ಸಣ್ಣ ತಲೆನೋವು. ಆಕ್ಸಿಡೆಂಟ್ ಆದಾಗ ವಿಮೆ ಕಂಪನಿ ಇದನ್ನೇ ಹಿಡಿದುಕೊಂಡರೆ ಅದು ದೊಡ್ಡದು. ಮೂಲ ಸೈಲೆನ್ಸರ್, ಮೂಲ ಚಕ್ರ ಇವೆಯಾ ಕೇಳಿ, ಇದ್ದರೆ ಅವನ್ನೂ ಸೇರಿಸಿಯೇ ಬೆಲೆ ಮಾತಾಡಿ.

9. ಬೆಲೆ ಮಾತಾಡುವುದು, ಮೊದಲ ತಿಂಗಳು

ಇಷ್ಟು ಹೊತ್ತಿಗೆ ನಿಮ್ಮ ಕೈಯಲ್ಲಿ ಒಂದು ಚೀಟಿ ಇರುತ್ತದೆ: ಟೈರು, ಬುಶ್, ಥರ್ಮೋಸ್ಟಾಟ್, ಗೇರ್‌ಬಾಕ್ಸ್ ಎಣ್ಣೆ. ಫೋನಿನಲ್ಲಿ ಕೇಳಿಕೊಂಡ ಬೆಲೆ ಅದರ ಪಕ್ಕ ಬರೆಯಿರಿ. "ಲಾಸ್ಟ್ ಎಷ್ಟು ಸಾರ್?" ಅಂತ ಕೇಳುವುದಕ್ಕಿಂತ ಆ ಚೀಟಿ ಮುಂದಿಡಿ. ಒಪ್ಪದಿದ್ದರೆ ಎದ್ದು ಬನ್ನಿ. ಇನ್ನೊಂದು ಕಾರು ಬರುತ್ತದೆ.

ತಂದ ವಾರವೇ ಇಂಜಿನ್ ಎಣ್ಣೆ, ಗೇರ್‌ಬಾಕ್ಸ್ ಎಣ್ಣೆ, ಬ್ರೇಕ್ ಫ್ಲೂಯಿಡ್, ಕೂಲೆಂಟ್, ಸ್ಪಾರ್ಕ್ ಪ್ಲಗ್, ಎಲ್ಲ ಫಿಲ್ಟರ್ ಬದಲಾಯಿಸಿ. ಹಳೇ ಓನರ್ ಈಗಷ್ಟೇ ಮಾಡಿಸಿದ್ದೇನೆ ಅಂದರೂ ಸರಿ. ಆಮೇಲಿಂದ ಎಣ್ಣೆಯನ್ನು ಕಂಪನಿ ಹೇಳುವ 15,000 ಕಿ.ಮೀ.ಗೆ ಕಾಯದೆ 7,500ಕ್ಕೇ ಬದಲಾಯಿಸಿ. ಟರ್ಬೊಗೆ ಮಾಡಬಹುದಾದ ಅತಿ ಅಗ್ಗದ ಉಪಕಾರ ಅದು. ಪೆಟ್ರೋಲ್ ಬಗ್ಗೆಯೂ ಒಂದು ಮಾತು. 2023ರ ಏಪ್ರಿಲ್‌ಗಿಂತ ಹಿಂದಿನ ಬಹುತೇಕ ಕಾರುಗಳನ್ನು 20% ಎಥನಾಲ್ ಇರುವ ಪೆಟ್ರೋಲಿಗೆ ಅಂತ ಮಾಡಿದ್ದಲ್ಲ. ಫ್ಯುಯಲ್ ಪೈಪು, ಸೀಲುಗಳನ್ನು ಸರ್ವಿಸ್ ಮಾಡಿಸುವಾಗಲೆಲ್ಲ ನೋಡಿಸಿ. ತಿಂಗಳುಗಟ್ಟಲೆ ಕಾರು ನಿಲ್ಲಿಸಿಡುವುದಿದ್ದರೆ ಟ್ಯಾಂಕಿನಲ್ಲಿ ಹಳೇ ಪೆಟ್ರೋಲ್ ಬಿಡಬೇಡಿ.

ಓನರ್ ಬದಲಾವಣೆಯ ಫಾರಂ 29 ಮತ್ತು 30 ಸಹಿ ಆದ ದಿನವೇ ವಿಮೆ ಕಂಪನಿಗೂ ಅರ್ಜಿ ಹಾಕಿ. ಹದಿನಾಲ್ಕು ದಿನದೊಳಗೆ ಆ ಅರ್ಜಿ ಹೋಗಿರಬೇಕು. ವಿಮೆ ನಿಮ್ಮ ಹೆಸರಿಗೆ ಬರುವತನಕ ಕಾರು ಮನೆ ಮುಂದೆಯೇ ಇರಲಿ. ನಂದಿ ಬೆಟ್ಟ ಎಲ್ಲೂ ಓಡಿಹೋಗುವುದಿಲ್ಲ.